ಮುಳುಗಿದ ಊರುಗಳ ಮನೆಗಳನ್ನು ನೋಡಲು ಹೊರಟವರಿಗೆ

ಪ್ರಶ್ನೆ: ನಾವು ಕೆನಡಾದ ಒಟ್ಟಾವಾದಲ್ಲಿರುವ ಹನ್ನೆರಡು ಕನ್ನಡ ಕುಟುಂಬಗಳವರು. ಬೇಸಿಗೆಯಲ್ಲಿ ಊರಿನಿಂದ ಬಂದಿರುವ ಅಪ್ಪ-ಅಮ್ಮಂದಿರು, ಐದರಿಂದ ಹನ್ನೆರಡು ವರ್ಷದ ಮಕ್ಕಳು, ಎಲ್ಲ ಸೇರಿ ಸುಮಾರು 45 ಮಂದಿ ಮಾರಿಸ್‌ಬರ್ಗ್ ಬಳಿಯ ಅಪ್ಪರ್ ಕೆನಡಾ ವಿಲೇಜ್ ಎಂಬ, ಹಳೆಯ ಕಾಲದ ಹಳ್ಳಿಯ ಬದುಕು ತೋರಿಸುವ ಬಯಲು ವಸ್ತುಸಂಗ್ರಹಾಲಯಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬರಬೇಕೆಂದಿದ್ದೇವೆ. ಆದರೆ ನಮ್ಮಲ್ಲೇ ಒಮ್ಮತವಿಲ್ಲ. ಅದು ಸಿನಿಮಾ ಸೆಟ್ಟಿನಂತೆ ಕಟ್ಟಿದ ನಕಲಿ ಹಳ್ಳಿ, ಎರಡು ಗಂಟೆಯಲ್ಲಿ ನೋಡಿ ಮುಗಿಯುತ್ತದೆ ಎನ್ನುತ್ತಾರೆ ಒಬ್ಬರು. ಬಿಳಿಯರು ಖಾಲಿ ಕಾಡಿಗೆ ಬಂದು ನಾಡು ಕಟ್ಟಿದರೆಂಬ ಕಥೆಯನ್ನು ಮಕ್ಕಳ ತಲೆಗೆ ತುಂಬಿಸುವುದು ಬೇಡ ಎನ್ನುತ್ತಾರೆ ಇನ್ನೊಬ್ಬರು. ನಮ್ಮ ಮಾವನವರಂತೂ, ‘ಬೀಸುವ ಕಲ್ಲು, ಕುಲುಮೆ, ಎತ್ತಿನ ಗಾಡಿ ನೋಡಲು ಇಷ್ಟು ದೂರ ಬರಬೇಕಿತ್ತೇ?’ ಎಂದು ಕೇಳಿದ್ದಾರೆ. ಅವರಿಗೆ ಮಂಡಿನೋವು, ಗುಂಪಿನಲ್ಲಿ ಅರ್ಧಕ್ಕರ್ಧ ಜನ ಶುದ್ಧ ಸಸ್ಯಾಹಾರಿಗಳು. ಹೋಗುವುದು ಸರಿಯೇ? ಹೋದರೆ ಹೇಗೆ ಹೋಗಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಜಾಗ ಅಸಲಿಯೇ ನಕಲಿಯೇ ಎಂಬುದು ಮೊದಲನೆಯದು. ಅಲ್ಲಿ ಹೇಳುವ ಚರಿತ್ರೆ ನ್ಯಾಯವಾದದ್ದೇ ಎಂಬುದು ಎರಡನೆಯದು. ಎಪ್ಪತ್ತರ ಹಿರಿಯರು ಮತ್ತು ಏಳರ ಮಕ್ಕಳು ಒಂದೇ ದಿನವನ್ನು ಒಟ್ಟಿಗೆ ಸುಖವಾಗಿ ಕಳೆಯಬಹುದೇ ಎಂಬುದು ಮೂರನೆಯದು. ಇಂಥ ಬಯಲು ವಸ್ತುಸಂಗ್ರಹಾಲಯಗಳಲ್ಲಿ ಗುಂಪುಗಳನ್ನು ಸುತ್ತಾಡಿಸುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಮೂರನೆಯ ಪ್ರಶ್ನೆಯ ಉತ್ತರ ಮೊದಲಿನ ಎರಡನ್ನು ಅವಲಂಬಿಸಿದೆ. ತಾವು ನೋಡುತ್ತಿರುವುದು ಏನೆಂದು ತಿಳಿದು ಹೋದ ಗುಂಪಿಗೆ ಆಯಾಸವೂ ಕಡಿಮೆ ಆಗುತ್ತದೆ.

‘ನಕಲಿ ಹಳ್ಳಿ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ಹಳ್ಳಿ ಅದೇ ಜಾಗದಲ್ಲಿ ತಾನಾಗಿ ಬೆಳೆದದ್ದಲ್ಲ, 1961ರಲ್ಲಿ ಜನರಿಗೆ ತೆರೆದ ಜೋಡಿಸಿದ ಹಳ್ಳಿ. ಆದರೆ ಅಲ್ಲಿನ ನಲವತ್ತಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದ ನಿಜವಾದ ಮನೆ, ಗಿರಣಿ, ಚರ್ಚು, ಹೋಟೆಲುಗಳೇ. ಅವು ಅಲ್ಲಿಗೆ ಬಂದ ಬಗೆಯನ್ನು ನಿಮ್ಮ ಹಿರಿಯರಿಗೆ ಪ್ರವಾಸದ ಮುಂಚೆಯೇ ಹೇಳಿ, ಕರ್ನಾಟಕದವರಿಗೆ ಈ ಕಥೆ ತಟ್ಟನೆ ಮನಸ್ಸಿಗೆ ಹತ್ತುತ್ತದೆ. ಸೇಂಟ್ ಲಾರೆನ್ಸ್ ನದಿಯಲ್ಲಿ ದೊಡ್ಡ ಹಡಗುಗಳು ಒಳನಾಡಿನ ಸರೋವರಗಳವರೆಗೆ ಸಾಗಬೇಕು, ಜೊತೆಗೆ ವಿದ್ಯುತ್ತೂ ಬೇಕು ಎಂದು 1954ರಲ್ಲಿ ಕೆನಡಾ ಮತ್ತು ಅಮೆರಿಕ ಕೂಡಿ ಕಾಮಗಾರಿ ಆರಂಭಿಸಿದವು. ಕಾರ್ನ್‌ವಾಲ್ ಬಳಿ ಅಣೆಕಟ್ಟು ಎದ್ದಿತು. 1958ರ ಜುಲೈ 1ರ ಬೆಳಗ್ಗೆ ನೀರನ್ನು ತಡೆದಿದ್ದ ತಾತ್ಕಾಲಿಕ ಒಡ್ಡನ್ನು ಸಿಡಿಮದ್ದಿಟ್ಟು ಒಡೆದರು. ನಾಲ್ಕು ದಿನಗಳಲ್ಲಿ ಅಲ್ಲೊಂದು ಸರೋವರ ತುಂಬಿ ನಿಂತಿತು. ಆಲ್ಟ್ಸ್‌ವಿಲ್, ಡಿಕಿನ್ಸನ್ಸ್ ಲ್ಯಾಂಡಿಂಗ್, ವೇಲ್ಸ್, ಮೂಲಿನೆಟ್, ಮಿಲ್ ರೋಶ್ ಮೊದಲಾದ ನದಿದಂಡೆಯ ಊರುಗಳು ನೀರಿನಡಿ ಸೇರಿದವು. ಸುಮಾರು 6,500 ಮಂದಿ ಮನೆ ಬದಲಿಸಬೇಕಾಯಿತು. ಐನೂರಕ್ಕೂ ಹೆಚ್ಚು ಮನೆಗಳನ್ನು ದೈತ್ಯ ಗಾಡಿಗಳ ಮೇಲೆ ಇಡಿಯಾಗಿ ಎತ್ತಿ ಇಂಗಲ್‌ಸೈಡ್, ಲಾಂಗ್ ಸೂ ಎಂಬ ಹೊಸ ಊರುಗಳಿಗೂ ಸುತ್ತಲ ಇತರ ಜಾಗಗಳಿಗೂ ಸಾಗಿಸಿದರು. ಹಳೆಯ ಕಾಲದ, ಕಾಪಾಡಲು ಯೋಗ್ಯವೆನಿಸಿದ ಕೆಲವು ಕಟ್ಟಡಗಳು ಮಾತ್ರ ಈ ವಸ್ತುಸಂಗ್ರಹಾಲಯಕ್ಕೆ ಬಂದವು. ಮುಳುಗಡೆಯ ಪಟ್ಟಿಗೆ ಸೇರದ ಕೆಲವನ್ನು ಸುತ್ತಲಿನ ಬೇರೆ ಊರುಗಳಿಂದ ತಂದರು, ಕೆಲವನ್ನು ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದರು. ಯಾವುದು ಯಾವ ಬಗೆಯದು ಎಂದು ಪ್ರತಿ ಕಟ್ಟಡದ ಬಾಗಿಲಲ್ಲಿ ಕೇಳುವಂತೆ ದೊಡ್ಡ ಮಕ್ಕಳಿಗೆ ಒಂದು ಕೆಲಸ ಹಚ್ಚಿ. ಅಲ್ಲಿನವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಅದಾಗಿ ಆರೇ ವರ್ಷಕ್ಕೆ, 1964ರಲ್ಲಿ, ನಮ್ಮ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದದ್ದನ್ನು ನೆನೆಯಿರಿ. ನಿಮ್ಮ ಗುಂಪಿನ ಹಿರಿಯರಲ್ಲಿ ಸಾಗರ-ಹೊಸನಗರದ ಕಡೆಯವರೋ ಹಳೆಯ ಬಾಗಲಕೋಟೆಯವರೋ ಇದ್ದರೆ ‘ಮುಳುಗಡೆ’ ಎಂಬ ಒಂದೇ ಪದ ಸಾಕು. ನಮ್ಮಲ್ಲಿಯೂ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಉದಾಹರಣೆಯಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮವನ್ನು ನೋಡಿದವರು ಅದನ್ನು ನಕಲಿಯೆನ್ನುವುದಿಲ್ಲ. ಹಾಗೆ ತಂದು ನಿಲ್ಲಿಸಿದ ಮನೆ ತನ್ನ ನೆರೆಹೊರೆಯನ್ನು ಕಳೆದುಕೊಂಡಿರುತ್ತದೆ ಎಂಬುದು ನಿಜ. ಅಪ್ಪರ್ ಕೆನಡಾ ವಿಲೇಜಿನಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಮನೆಗಳು ಮೂಲದಲ್ಲಿ ಹತ್ತಾರು ಮೈಲಿ ದೂರದಲ್ಲಿದ್ದಿರಬಹುದು. ಹಳ್ಳಿಯ ವಿನ್ಯಾಸವನ್ನು ಚರಿತ್ರೆಯೆಂದು ನಂಬಬೇಡಿ, ಮನೆಗಳನ್ನು ನಂಬಿ.

ಇನ್ನು ‘ಪಯೋನಿಯರ್’, ಅಂದರೆ ಮೊದಲು ಬಂದು ನೆಲೆಯೂರಿದವರು, ಎಂಬ ಮಾತು. ಇಂಥ ಸ್ಥಳಗಳನ್ನೆಲ್ಲ ಜನ ಈ ಹೆಸರಿನಿಂದಲೇ ಕರೆಯುತ್ತಾರೆ. ಕೇಳಿದವರ ಮನಸ್ಸಿನಲ್ಲಿ ಕಾಡು ಕಡಿಯುವ ಕೊಡಲಿ, ಮರದ ದಿಮ್ಮಿಯ ಗುಡಿಸಲು, ತೋಳದ ಕೂಗು ಇವೇ ಮೂಡುತ್ತವೆ. ಅಪ್ಪರ್ ಕೆನಡಾ ವಿಲೇಜ್ ತೋರಿಸುವುದು 1866ನೆಯ ಇಸವಿಯನ್ನು. ಆ ಹೊತ್ತಿಗೆ ಮೊದಲ ವಲಸಿಗರು ಈ ದಂಡೆಗೆ ಬಂದು ಎಂಬತ್ತು ವರ್ಷ ದಾಟಿತ್ತು. ಮಾಂಟ್ರಿಯಲ್ಲಿನಿಂದ ಟೊರಾಂಟೊಗೆ 1856ರಿಂದಲೇ ರೈಲು ಓಡುತ್ತಿತ್ತು, ತಂತಿ ಸಂದೇಶ ಹರಿದಾಡುತ್ತಿತ್ತು. ಅಲ್ಲಿನ ಬೆಲಮಿ ಹಿಟ್ಟಿನ ಗಿರಣಿ ಉಗಿಯಿಂದ ನಡೆಯುತ್ತದೆ. ಆಸೆಲ್‌ಸ್ಟೈನ್ ಉಣ್ಣೆ ಗಿರಣಿಯಲ್ಲಿ ಹಿಂಜುವುದು, ನೂಲುವುದು, ನೇಯುವುದು ಎಲ್ಲಕ್ಕೂ ಯಂತ್ರಗಳಿವೆ. ಹೋಲಿಕೆಗೆ ನಮ್ಮ ಕಡೆಯ ಎರಡು ಇಸವಿಗಳನ್ನು ಹೇಳುತ್ತೇನೆ: ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದದ್ದು 1864ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ನಿಮ್ಮ ಮಾವನವರು ನೋಡಲಿರುವುದು ಈ ಕಾಲವನ್ನು. ಕೈಕೆಲಸ ಯಂತ್ರಕ್ಕೆ ದಾಟುತ್ತಿದ್ದ ಆ ಘಟ್ಟವನ್ನು ಎದುರಿಗೆ ನಿಂತು ನೋಡಲು ಈಗ ನಮ್ಮ ಹಳ್ಳಿಗಳಲ್ಲೂ ಸಿಗುವುದಿಲ್ಲ. (ಹೆಸರಿನ ಬಗ್ಗೆ ಒಂದು ಮಾತು: ಅಪ್ಪರ್ ಎಂದರೆ ಇಲ್ಲಿ ನದಿಯ ಮೇಲಣ ಭಾಗ, ನಮ್ಮಲ್ಲಿ ಘಟ್ಟದ ಮೇಲಿನವರು, ಕೆಳಗಿನವರು ಎನ್ನುವ ಹಾಗೆ. ಆ ಹೆಸರಿನ ಪ್ರಾಂತ್ಯ 1841ರಲ್ಲೇ ಇಲ್ಲವಾಗಿತ್ತು. 1866ರಲ್ಲಿ ಅದು ಕೆನಡಾ ವೆಸ್ಟ್, ಮರುವರ್ಷ ಒಂಟಾರಿಯೊ. ಹೆಸರಿಗೂ ಇಸವಿಗೂ ಹೊಂದಿಕೆಯಿಲ್ಲ ಎಂಬುದನ್ನು ಜಾಣ ಮಗುವೊಂದು ಕಂಡುಹಿಡಿದರೆ ಬಹುಮಾನ ಕೊಡಿ.)

‘ಖಾಲಿ ಕಾಡು’ ಎಂಬ ಆಕ್ಷೇಪ ಎತ್ತಿದವರ ಕಾಳಜಿ ಸರಿಯಾದದ್ದೇ. ಆದರೆ ಅದಕ್ಕೆ ಪರಿಹಾರ ಹೋಗದೆ ಇರುವುದಲ್ಲ. ನೆಲ ಖಾಲಿಯಾಗಿರಲಿಲ್ಲ. ಈ ನದಿಯ ದಂಡೆ ಮೂಲನಿವಾಸಿಗಳ ನೆಲ. ಅವರಲ್ಲಿ ಮೋಹಾಕ್ ಜನರ ನೆಲೆಯಾದ ಅಕ್ವೆಸಾಸ್ನೆ ಇಂದಿಗೂ ಕಾರ್ನ್‌ವಾಲ್‌ನ ಎದುರಿಗೇ, ಒಂಟಾರಿಯೊ, ಕ್ವಿಬೆಕ್, ನ್ಯೂಯಾರ್ಕ್ ಮೂರರ ಗಡಿಯ ಮೇಲೆ ಇದೆ. 1958ರ ಯೋಜನೆ ಅವರ ದಂಡೆಯನ್ನೂ ದ್ವೀಪಗಳನ್ನೂ ಕಿತ್ತುಕೊಂಡಿತು, ಅವರ ಮೀನುಗಾರಿಕೆಯನ್ನು ಕೆಡಿಸಿತು. ಇಲ್ಲಿಗೆ ಬಂದ ಬಿಳಿಯರು ಯಾರ ನೆರವೂ ಇಲ್ಲದೆ ‘ಬರಿಗೈಯಲ್ಲಿ ಬಂದವರು’ ಎಂದು ಹೇಳುವುದುಂಟು, ಅದೂ ಪೂರ್ತಿ ನಿಜವಲ್ಲ. 1784ರಲ್ಲಿ ಇಲ್ಲಿ ನೆಲೆಸಿದವರು ಬಹುಮಟ್ಟಿಗೆ ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷ್ ದೊರೆಯ ಪಕ್ಷ ವಹಿಸಿ ಸೋತು ಆಸ್ತಿ ಕಳೆದುಕೊಂಡು ಬಂದ ಸೈನಿಕರು ಮತ್ತು ಅವರ ಕುಟುಂಬಗಳು. ಅವರಲ್ಲಿ ಜರ್ಮನ್ ಮೂಲದವರೂ ಸ್ಕಾಟ್ಲೆಂಡಿನ ಬೆಟ್ಟಗಾಡಿನವರೂ ಹೆಚ್ಚು. ಸಾಮಾನ್ಯ ಸೈನಿಕನಿಗೆ 100 ಎಕರೆ, ಮನೆಯ ಪ್ರತಿ ಸದಸ್ಯರ ಲೆಕ್ಕದಲ್ಲಿ ಇನ್ನೂ 50 ಎಕರೆ ಸರಕಾರದಿಂದ ಸಿಕ್ಕಿತು. ಮೊದಲ ಕೆಲವು ವರ್ಷ ದವಸವೂ ಉಪಕರಣಗಳೂ ಸಿಕ್ಕವು. ಕೆಲವರು ತಮ್ಮೊಡನೆ ಕಪ್ಪು ಜನರನ್ನು ಗುಲಾಮರಾಗಿ ಕರೆತಂದರು. ಹೊಸ ಗುಲಾಮರನ್ನು ತರಬಾರದೆಂದು ಅಪ್ಪರ್ ಕೆನಡಾದಲ್ಲಿ 1793ರಲ್ಲಿ ಕಾಯ್ದೆಯಾಯಿತು, ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1834ರಲ್ಲಿ. ಇವೆಲ್ಲ ಸೇರಿದರೂ ಆ ಜನ ಪಟ್ಟ ಪಾಡು ಸುಳ್ಳಾಗುವುದಿಲ್ಲ. ಚಳಿಗಾಲದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಸಂಕಟ ಸಂಕಟವೇ. ಎಂಟು ವರ್ಷ ದಾಟಿದ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಹೇಳಬಹುದು, ಅವರು ಗೊಂದಲಪಡುವುದಿಲ್ಲ. ಗೊಂದಲಪಡುವವರು ನಾವು ದೊಡ್ಡವರು. ಬಸ್ಸಿನಲ್ಲಿ ಹತ್ತು ನಿಮಿಷ ಈ ಹಿನ್ನೆಲೆಯನ್ನು ಯಾರಾದರೊಬ್ಬರು ಹೇಳಲಿ. ವಿವರಣೆಗಾರರು 1866ರ ವೇಷದಲ್ಲಿದ್ದರೂ ಇಂದಿನ ಕಾಲದವರಾಗಿಯೇ ಉತ್ತರಿಸಬಲ್ಲರು, ಆದ್ದರಿಂದ ಅಂಥ ಪ್ರಶ್ನೆ ಕೇಳಲು ಸಂಕೋಚ ಬೇಡ.

ಮಾವನವರ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಪ್ರವಾಸದ ಗೆಲುವು ಸೋಲು ನಿಂತಿರುವುದು ಇಲ್ಲಿ. ಊರಿನಿಂದ ಬಂದ ಹಿರಿಯರನ್ನು ಪ್ರೇಕ್ಷಕರನ್ನಾಗಿ ಕೂರಿಸಿದರೆ ಅವರಿಗೆ ಖಂಡಿತ ಬೇಸರವಾಗುತ್ತದೆ. ಅವರನ್ನು ತಿಳಿದವರನ್ನಾಗಿ ಮುಂದೆ ನಿಲ್ಲಿಸಿದರೆ ದಿನದ ಚೆಹರೆಯೇ ಬದಲಾಗುತ್ತದೆ. ಒಮ್ಮೆ ಚಳ್ಳಕೆರೆ ಕಡೆಯ ಅಜ್ಜಿಯೊಬ್ಬರು ನಮ್ಮ ಗುಂಪಿನಲ್ಲಿದ್ದರು. ಬೆಳಗಿನಿಂದ ಮಾತಿಲ್ಲದೆ ಬರುತ್ತಿದ್ದವರು ಉಣ್ಣೆ ಗಿರಣಿಯ ಮುಂದೆ ನಿಂತವರೇ ಒಂದು ಹಿಡಿ ಉಣ್ಣೆಯನ್ನು ಬೆರಳಲ್ಲಿ ಎಳೆದು ನೋಡಿ, ‘ಇದು ವರ್ಷದ ಎಷ್ಟನೇ ಕತ್ತರಿಯದು? ಹಾಸು ನೂಲಿಗೆ ಗಂಜಿ ಯಾವುದು ಹಾಕುತ್ತಾರೆ? ನಮ್ಮಲ್ಲಿ ಕಂಬಳಿಗೆ ಹುಣಸೆ ಬೀಜದ ಗಂಜಿ’ ಎಂದರು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅಲ್ಲಿದ್ದ ವಿವರಣೆಗಾರ್ತಿ ತಮ್ಮ ಸರದಿಯ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅಜ್ಜಿಯನ್ನೇ ಪ್ರಶ್ನೆ ಕೇಳತೊಡಗಿದರು. ಆ ಇಪ್ಪತ್ತು ನಿಮಿಷ ನಾನು ಏನೂ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಹೀಗೆ ಕುಲುಮೆಯಲ್ಲಿ, ಕಲ್ಲಿನ ಗಿರಣಿಯಲ್ಲಿ, ಲೌಕ್ಸ್ ತೋಟದ ಮನೆಯ ದನಗಳ ಕೊಟ್ಟಿಗೆಯಲ್ಲಿ, ಶಾಲೆಯ ಸ್ಲೇಟು ಬಳಪದ ಮುಂದೆ ಮಾತಾಡಲು ನಿಮ್ಮ ಹಿರಿಯರಲ್ಲಿ ಸರಕು ಇದ್ದೇ ಇರುತ್ತದೆ. ಯಾರಿಗೆ ಯಾವುದು ಗೊತ್ತು ಎಂದು ಮೊದಲೇ ಕೇಳಿ ತಿಳಿದುಕೊಂಡು, ಅವರ ಜೊತೆಗೆ ಇಬ್ಬರೋ ಮೂವರೋ ಮಕ್ಕಳನ್ನು ಬಿಡಿ.

ಇದಕ್ಕೆ ಸಮಯ ಬೇಕು. ಆದ್ದರಿಂದ ‘ಎರಡು ಗಂಟೆಯಲ್ಲಿ ಮುಗಿಯುತ್ತದೆ’ ಎಂಬ ಮಾತೂ ತಪ್ಪು, ಎಲ್ಲವನ್ನೂ ನೋಡಿಯೇ ಬರಬೇಕೆಂಬ ಹಟವೂ ತಪ್ಪು. ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ಬಾರಿ ಗುಂಪು ಕರೆದೊಯ್ದಾಗ ನಲವತ್ತು ಕಟ್ಟಡಗಳಿಗೆ ತಲಾ ಎಂಟು ನಿಮಿಷವೆಂದು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಊಟ ಮೂರು ಗಂಟೆಗೆ ಆಯಿತು, ಇಬ್ಬರು ಮಕ್ಕಳು ಅತ್ತರು, ಕೊನೆಗೆ ಯಾರಿಗೂ ಒಂದು ಕಟ್ಟಡವೂ ನೆನಪಿನಲ್ಲಿ ಉಳಿಯಲಿಲ್ಲ. ಈಗ ನಾನು ಆರೇಳನ್ನು ಮಾತ್ರ ಆರಿಸುತ್ತೇನೆ. ಗಿರಣಿಗಳು ಬೆಳಗ್ಗೆ, ಏಕೆಂದರೆ ಅಲ್ಲಿ ಸದ್ದು ಜಾಸ್ತಿ, ಗಮನವೂ ಆಗ ಚುರುಕಾಗಿರುತ್ತದೆ. ಯಾವ ಯಂತ್ರ ಎಷ್ಟು ಹೊತ್ತಿಗೆ ಓಡುತ್ತದೆಂದು ಬಾಗಿಲಲ್ಲೇ ಕೇಳಿಕೊಳ್ಳಬೇಕು. ನಿಂತ ಯಂತ್ರ ನೋಡಿ ಪ್ರಯೋಜನವಿಲ್ಲ. ಊಟದ ನಂತರ ಕುದುರೆ ದಂಡೆಯ ಮೇಲೆ ನಡೆದು ಎಳೆಯುವ ದೋಣಿ, ಅದಾದ ಮೇಲೆ ಶಾಲೆ. 45 ಮಂದಿ ಒಂದೇ ಬಾಗಿಲಿಗೆ ನುಗ್ಗಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಮೂರು ತಂಡಗಳಾಗಿ ಬೇರೆ ಬೇರೆ ದಿಕ್ಕಿನಿಂದ ಶುರು ಮಾಡಿ. ಮೇ-ಜೂನ್ ತಿಂಗಳ ವಾರದ ದಿನಗಳಲ್ಲಿ ಶಾಲಾ ಮಕ್ಕಳ ಗುಂಪುಗಳು ತುಂಬಿರುವುದರಿಂದ ಆ ದಿನಗಳು ನಿಮಗೆ ಬೇಡ.

ಮಂಡಿನೋವಿನ ವಿಷಯ. ಹಳ್ಳಿ ಸಮತಟ್ಟಾಗಿದ್ದರೂ ದಾರಿಗಳು ಮಣ್ಣು ಮತ್ತು ಜಲ್ಲಿಯವು, ಹಳೆಯ ಮನೆಗಳಿಗೆ ಹೊಸ್ತಿಲು ಎತ್ತರ, ಮಹಡಿಯ ಮೆಟ್ಟಿಲು ಕಿರಿದು ಮತ್ತು ಕಡಿದು. ಮೆಟ್ಟಿಲು ಹತ್ತುವುದನ್ನು ಹಿರಿಯರಿಗೆ ಬೇಡವೆಂದೇ ಮೊದಲು ಹೇಳಿಬಿಡಿ. ನೆಲ ಅಂತಸ್ತಿನಲ್ಲೇ ನೋಡುವುದು ಬೇಕಾದಷ್ಟಿದೆ. ಕುದುರೆ ಗಾಡಿ ನಡಿಗೆಯನ್ನು ಉಳಿಸುತ್ತದೆ, ಆದರೆ ಹತ್ತಿ ಇಳಿಯುವುದೇ ಮಂಡಿಗೆ ನಡಿಗೆಗಿಂತ ಕಷ್ಟವಾಗಬಹುದು. ಗಾಲಿಕುರ್ಚಿ ಬೇಕಿದ್ದರೆ ಯಾವ ಕಟ್ಟಡಗಳಿಗೆ ಇಳಿಜಾರು ದಾರಿಯಿದೆ ಎಂದು ಮುಂಗಡ ನೋಂದಣಿಯ ಹೊತ್ತಿಗೇ ಕೇಳಿ ಪಟ್ಟಿ ಮಾಡಿಕೊಳ್ಳಿ. ಸೀರೆ ಉಡುವ ಅಮ್ಮಂದಿರಿಗೆ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವ ಪಾದರಕ್ಷೆ ಕೊಡಿಸಿ. ಜೊತೆಗೆ ಇನ್ನೊಂದು ಎಚ್ಚರಿಕೆ: ಪೂರ್ವ ಒಂಟಾರಿಯೊ ಲೈಮ್ ಎಂಬ ರೋಗ ಹರಡುವ, ರಕ್ತ ಹೀರುವ ಉಣ್ಣಿಹುಳುಗಳ (ಟಿಕ್) ಪ್ರದೇಶ. ಉದ್ದ ಹುಲ್ಲಿನಲ್ಲಿ ಮಕ್ಕಳು ಆಡದಿರಲಿ, ಸಂಜೆ ಮನೆಗೆ ಬಂದ ಕೂಡಲೇ ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲಿನೊಳಗೆ ನೋಡಿ. ಬೇಗ ಕಂಡು ಕಿತ್ತರೆ ಅಪಾಯ ತೀರ ಕಡಿಮೆ, ಏಕೆಂದರೆ ರೋಗಾಣು ದಾಟಲು ಸಾಮಾನ್ಯವಾಗಿ ಹುಳು ಒಂದು ದಿನದಷ್ಟು ಹೊತ್ತು ಕಚ್ಚಿಕೊಂಡಿರಬೇಕು. ಊರಿನಿಂದ ಬಂದವರಿಗೆ ಇಲ್ಲಿನ ಸರಕಾರಿ ಆರೋಗ್ಯ ವಿಮೆ ಇರುವುದಿಲ್ಲವಾದ್ದರಿಂದ ಅವರ ಪ್ರವಾಸಿ ವಿಮೆಯ ಚೀಟಿ ಮತ್ತು ದಿನದ ಮಾತ್ರೆಗಳು ಅವರವರ ಕೈಚೀಲದಲ್ಲೇ ಇರಲಿ, ಯಾರದೋ ಕಾರಿನ ಡಿಕ್ಕಿಯಲ್ಲಿ ಬೇಡ.

ಊಟಕ್ಕೆ ಎರಡು ದಾರಿಗಳಿವೆ. ಹಳ್ಳಿಯೊಳಗಿನ ವಿಲ್ಲಾರ್ಡ್ಸ್ ಹೋಟೆಲಿನಲ್ಲಿ ಹಳೆಯ ಕಾಲದ ರೀತಿಯ ಊಟ ಬಡಿಸುತ್ತಾರೆ. ಅನುಭವ ಚೆನ್ನ, ಆದರೆ ಆ ಕಾಲದ ಅಡುಗೆಯೇ ಮಾಂಸದ ಸುತ್ತ ಬೆಳೆದದ್ದು. ಸಸ್ಯಾಹಾರಿಗಳ ಸಂಖ್ಯೆಯನ್ನು ಮೊದಲೇ ತಿಳಿಸದಿದ್ದರೆ ಕೆಲವರಿಗೆ ಬ್ರೆಡ್ಡು ಮತ್ತು ತರಕಾರಿಯೇ ಗತಿಯಾಗಬಹುದು. ‘ಹಾಲಿನದು, ಬ್ರೆಡ್ಡು, ಇವುಗಳಲ್ಲಿ ಏನಿರುತ್ತದೆ’ ಎಂದುಕೊಳ್ಳುವುದು ನಮ್ಮವರ ಸಾಮಾನ್ಯ ತಪ್ಪು. ಹಳೆಯ ಕ್ರಮದ ಚೀಸಿಗೆ ಹಾಲು ಒಡೆಸಲು ಹಾಕುತ್ತಿದ್ದದ್ದು ಕರುವಿನ ಜಠರದ ಒಳಪದರದಿಂದ ತೆಗೆದ ರೆನೆಟ್. ಆ ಕಾಲದ ಕಡುಬು-ಪೈಗಳ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದು ರೂಢಿ. ಇಂದು ಅಲ್ಲಿ ಮಾರುವ ಪದಾರ್ಥದಲ್ಲಿ ಯಾವುದನ್ನು ಬಳಸಿದ್ದಾರೆ ಎಂದು ಕೇಳಿಯೇ ತಿನ್ನಿ.

ಬುತ್ತಿ ಕಟ್ಟಿಕೊಂಡು ಹೋಗಿ ಪಕ್ಕದ ನದಿದಂಡೆಯ ಉದ್ಯಾನದಲ್ಲಿ ಉಣ್ಣುವುದು ಎರಡನೆಯ ದಾರಿ. ನಿಮ್ಮ ಗುಂಪಿಗೆ ನಾನು ಹೇಳುವುದು ಇದನ್ನೇ. ಆದರೆ ಪುಳಿಯೋಗರೆ ಎರಡು ದಿನ ಕೆಡುವುದಿಲ್ಲ ಎಂಬ ಭರವಸೆಯ ಮೇಲೆ ಜುಲೈ ಬಿಸಿಲಿನಲ್ಲಿ ಕಾರಿನೊಳಗೆ ಅನ್ನದ ಡಬ್ಬಿ ಬಿಡಬೇಡಿ. ಹುಳಿ ಸ್ವಲ್ಪ ಕಾಪಾಡುತ್ತದೆ ನಿಜ. ಬೆಂದ ಅನ್ನದಲ್ಲಿ ಉಳಿದುಕೊಳ್ಳುವ ಕೆಲವು ಸೂಕ್ಷ್ಮಜೀವಿಗಳ ಬೀಜಕಣಗಳಿಗೆ ಬೆಚ್ಚನೆಯ ಡಬ್ಬಿ ಹೇಳಿ ಮಾಡಿಸಿದ ಜಾಗ, ಅವು ಹುಟ್ಟಿಸಿದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕೆನಡಾದ ಆಹಾರ ಸುರಕ್ಷೆಯ ಸೂಚನೆಯಂತೆ 4 ಮತ್ತು 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಬೇಗ ಕೆಡುವ ಆಹಾರ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಅನ್ನ, ಮೊಸರನ್ನಗಳನ್ನು ಹಿಂದಿನ ರಾತ್ರಿಯೇ ತಣಿಸಿ ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ. ಚಪಾತಿ, ಚಟ್ನಿಪುಡಿ, ಉಪ್ಪಿನಕಾಯಿಗೆ ಆ ಚಿಂತೆಯಿಲ್ಲ. ಉತ್ತರ ಕರ್ನಾಟಕದವರು ಒಬ್ಬರಿದ್ದರೂ ಒಣಗಿದ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ನಿಮ್ಮ ಸಮಸ್ಯೆಯನ್ನು ಪೂರ್ತಿ ಬಗೆಹರಿಸುತ್ತವೆ.

ಪ್ರಯಾಣ ಒಟ್ಟಾವಾದಿಂದ ಸುಮಾರು ಒಂದು ಗಂಟೆಯದು. ಹನ್ನೆರಡು ಕಾರುಗಳಲ್ಲಿ ಹೋದರೆ ಯಾರಿಗಾದರೂ ಸುಸ್ತಾದಾಗ ಬೇಗ ಹಿಂದಿರುಗಬಹುದು, ಆದರೆ ಎಲ್ಲರೂ ಸೇರುವಷ್ಟರಲ್ಲಿ ಬೆಳಗಿನ ಒಂದು ಗಂಟೆ ಹಾಳಾಗುವುದು ಖಚಿತ. ಜೊತೆಗೆ ಮಕ್ಕಳು ‘ಅಂಕಲ್ ಕಾರಿನಲ್ಲಿ ಬರುತ್ತೇನೆ’ ಎಂದು ಹಟ ಹಿಡಿಯುತ್ತಾರೆ, ಅವರ ಸುರಕ್ಷತೆಗೆಂದು ಅಳವಡಿಸಿದ ಮಕ್ಕಳ ಸೀಟು ಮಾತ್ರ ಅಪ್ಪನ ಕಾರಿನಲ್ಲಿ ಉಳಿಯುತ್ತದೆ. ಒಂಟಾರಿಯೊ ಕಾನೂನಿನಲ್ಲಿ ಮಗುವಿಗೆ ಎಂಟು ವರ್ಷವೋ, 36 ಕಿಲೋ ತೂಕವೋ, 145 ಸೆಂಟಿಮೀಟರ್ ಎತ್ತರವೋ ಆಗುವವರೆಗೆ ಆ ಸೀಟು ಕಡ್ಡಾಯ. ಹಳದಿ ಶಾಲಾ ಬಸ್ಸು ಅಗ್ಗ, ಆದರೆ ಶೌಚಾಲಯವಿಲ್ಲ, ಸೀಟು ಹಿರಿಯರ ಸೊಂಟಕ್ಕೆ ಗಟ್ಟಿ. ಶೌಚಾಲಯವಿರುವ ದೊಡ್ಡ ಬಸ್ಸು ದುಬಾರಿಯಾದರೂ 45 ಮಂದಿಗೆ ಹಂಚಿದಾಗ ಭಾರವೆನಿಸುವುದಿಲ್ಲ. ದೊಡ್ಡ ಬಸ್ಸು ಒಂದು, ತುರ್ತಿಗೆಂದು ಹಿಂದೆ ಒಂದೋ ಎರಡೋ ಕಾರು: ನಾನು ಮಾಡುವ ಏರ್ಪಾಟು ಇದು. ಮಾವನವರ ಮಂಡಿ ಮಧ್ಯಾಹ್ನಕ್ಕೇ ಸೋತರೆ ಆ ಕಾರು ಉಪಯೋಗಕ್ಕೆ ಬರುತ್ತದೆ.

ಸಂಜೆ ಹೊತ್ತು ಉಳಿದರೆ, ಪೂರ್ವಕ್ಕೆ ಅರ್ಧ ಗಂಟೆಯೊಳಗೆ ಲಾಂಗ್ ಸೂ ಬಳಿ ಆಲ್ಟ್ ಪಾರ್ಕಿನಲ್ಲಿ ‘ಲಾಸ್ಟ್ ವಿಲೇಜಸ್’ (ಕಳೆದುಹೋದ ಹಳ್ಳಿಗಳು) ಎಂಬ ಇನ್ನೊಂದು ಪುಟ್ಟ ವಸ್ತುಸಂಗ್ರಹಾಲಯವಿದೆ. ಕಾರ್ನ್‌ವಾಲ್ ಮೇಲಿಂದ ಒಟ್ಟಾವಾಕ್ಕೆ ಮರಳುವ ದಾರಿ ಸ್ವಲ್ಪ ಸುತ್ತು, ಅಷ್ಟೆ. ಆ ದಂಡೆಯಲ್ಲಿ ಒಂದೆರಡು ಕಡೆ ಹಳೆಯ ಹೆದ್ದಾರಿ ನೇರವಾಗಿ ನೀರಿನೊಳಗೆ ಇಳಿದು ಹೋಗುವುದನ್ನು ಕಾಣಬಹುದು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುವುದನ್ನು ನೋಡಿದವರು ನಿಮ್ಮ ಬಸ್ಸಿನಲ್ಲಿದ್ದರೆ, ಅಲ್ಲಿ ಚಾಲಕನಿಗೆ ಹತ್ತು ನಿಮಿಷ ಹೆಚ್ಚು ನಿಲ್ಲಿಸಲು ಹೇಳಿ.